ಎಂಬತ್ತೊಂದು ಚುಕ್ಕಿ

ಆ ಊರು ನಕ್ಷೆಯಲ್ಲಿಲ್ಲ. ನಕ್ಷೆ ಬರೆಯಲು ಒಬ್ಬ ಬಂದಿದ್ದನಂತೆ, ಕಾಗದ ಒದ್ದೆಯಾಯಿತು ಅಂತ ಹೊರಟುಹೋದನಂತೆ. ಹಾಗಾಗಿ ಊರಿಗೆ ಹೆಸರೂ ಇಲ್ಲ. ಆದರೆ ಕಡಲಿನಿಂದ ಊರಿಗೆ ಹತ್ತಲು ಮೆಟ್ಟಿಲುಗಳಿದ್ದವು, ಆ ಮೆಟ್ಟಿಲುಗಳ ವಿಷಯದಲ್ಲಿ ಯಾರೂ ಸುಳ್ಳು ಹೇಳುವ ಅಗತ್ಯ ಬೀಳುತ್ತಿರಲಿಲ್ಲ, ನಿಜವೇ ಅಷ್ಟು ಉದ್ದವಿತ್ತು. ಮುತ್ತಜ್ಜಿಯರ ಕಾಲದಲ್ಲಿ ಮದುವೆಯ ದಿಬ್ಬಣ ಮೇಲಿನ ಮೆಟ್ಟಿಲಿನಿಂದ ಇಳಿಯಲು ಶುರುಮಾಡಿದರೆ, ಕೆಳಗಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ಮದುಮಗಳ ಸೊಂಟದ ಮೇಲೊಂದು ಕೂಸು ಇರುತ್ತಿತ್ತು. ಇದು ಸ್ವಲ್ಪ ಕಡಿಮೆ ಮಾಡಿ ಹೇಳಿದ ಮಾತು.

ಈಗ ಉಳಿದದ್ದು ಹತ್ತು ಮೆಟ್ಟಿಲು.

ಮಿಕ್ಕಿದ್ದನ್ನೆಲ್ಲ ಕಡಲು ತೆಗೆದುಕೊಂಡಿತ್ತು. ಕಳ್ಳನ ಹಾಗೆ ತೆಗೆದುಕೊಂಡದ್ದೂ ಅಲ್ಲ, ನಿಯಮದ ಪ್ರಕಾರ ತೆಗೆದುಕೊಂಡಿತ್ತು. ಆ ನಿಯಮವನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನ ಕಲ್ಲಿನಲ್ಲೇ ಕೊರೆದಿದ್ದರು. ಜನ ತುಳಿದು ತುಳಿದು ಅದರ ನಡುವೆ ಒಂದಿಷ್ಟು ಸವೆದುಹೋಗಿತ್ತು. "ಬರೆದ" ಅಂತ ಒಂದು ಕಡೆ, "ಬರೆದರೆ ನೀರು ಬರುವುದು" ಅಂತ ಇನ್ನೊಂದು ಕಡೆ, ಮಧ್ಯದಲ್ಲಿ ನುಣ್ಣಗಿನ ಕಲ್ಲು. ಅಲ್ಲಿ ಏನಿತ್ತೆಂದು ಊರಿನಲ್ಲಿ ಓದು ಬಾರದವರಿಗೂ ಗೊತ್ತಿತ್ತು. ಬರೆದದ್ದೇ ಬರೆದರೆ ನೀರು ಬರುವುದು.

ಆದ್ದರಿಂದ ದಿನವೂ ಬೆಳಕು ಹರಿಯುವ ಮೊದಲು ರಂಗೋಲಿಯವಳು ಇಳಿದುಬರುತ್ತಿದ್ದಳು. ನೀರು ಮುಟ್ಟದ ಕೊನೆಯ ಮೆಟ್ಟಿಲನ್ನು ತೊಳೆಯುತ್ತಿದ್ದಳು. ತೆಂಗಿನ ಕರಟದಿಂದ ಪುಡಿ ತೆಗೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಮೊದಲು ಚುಕ್ಕಿ ಇಡುತ್ತಿದ್ದಳು. ಆಮೇಲೆ ಚುಕ್ಕಿಗೆ ತಾಗದಂತೆ ಚುಕ್ಕಿಗಳ ಸುತ್ತ ಎಳೆ ಎಳೆಯುತ್ತಿದ್ದಳು. ಎಳೆ ಎಲ್ಲಿಂದ ಹೊರಟಿತೋ ಅಲ್ಲಿಗೇ ಬಂದು ಸೇರಬೇಕು. ಹಿಂದೆ ಯಾರೂ ಬರೆಯದ ರಂಗೋಲಿ ಆಗಿರಬೇಕು. ಅವಳ ಬೆರಳಲ್ಲದೆ ಬೇರೊಂದು ಬೆರಳು ಅದನ್ನು ಮುಟ್ಟಬಾರದು. ಅವಳ ಅಮ್ಮ ಹಾಗೇ ಬರೆದಳು, ಅಮ್ಮನ ಅಮ್ಮ ಹಾಗೇ ಬರೆದಳು.

ಊರವರು ಬಂದು ಬಲಗಾಲಿನ ಹೆಬ್ಬೆರಳನ್ನು ಮೆಟ್ಟಿಲಿನ ಅಂಚಿಗಿಟ್ಟು ಕಾಯುತ್ತಿದ್ದರು. ಸೂರ್ಯ ಹುಟ್ಟುವ ಹೊತ್ತಿಗೆ ಹೆಬ್ಬೆರಳು ಒಣಗಿದ್ದರೆ ಊರಿಗೆ ಇನ್ನೊಂದು ದಿನ. ಒದ್ದೆಯಾದರೆ ಊರ ಯಜಮಾನರು ಕೆಮ್ಮಿ, "ಆಗಿದೆ" ಅನ್ನುತ್ತಿದ್ದರು. ಈ ರಂಗೋಲಿ ಹಿಂದೆ ಆಗಿದೆ, ಕಡಲು ಅದನ್ನು ನೋಡಿದೆ ಎಂದು ಅರ್ಥ. ಯಾರು ಬರೆದಿದ್ದರು, ಯಾವಾಗ ಬರೆದಿದ್ದರು ಎಂದು ಕೇಳಿ ಪ್ರಯೋಜನವಿಲ್ಲ. ಕಡಲಿಗಿರುವಷ್ಟು ನೆನಪು ಯಾರಿಗಿದೆ?

ಮೊದಲು ವರ್ಷಕ್ಕೆ ಒಂದೋ ಎರಡೋ ಮೆಟ್ಟಿಲು ಹೋಗುತ್ತಿತ್ತು. ಈಚೆಗೆ ಯಜಮಾನರು ರಂಗೋಲಿಯ ಅಂಚಿನಲ್ಲಿ ಕೋಳಿಯ ಹೆಜ್ಜೆ ಕಂಡು ಬೆಚ್ಚಿಬಿದ್ದರು. ಇಂಥ ಅಶುದ್ಧವಾದರೆ ಕಡಲು ಸುಮ್ಮನಿದ್ದೀತೇ? ಕೂಡಲೇ ಮೂರು ಕಡೆಯೂ ಬಿದಿರಿನ ತಟ್ಟಿ ಕಟ್ಟಿಸಿದರು. ಗಾಳಿ ಬರುವಂತಿಲ್ಲ, ಕೋಳಿ ಬರುವಂತಿಲ್ಲ, ಯಾರದೂ ಸೆರಗು ತಾಗುವಂತಿಲ್ಲ. ಅಂದಿನಿಂದ ದಿನಕ್ಕೊಂದು ಮೆಟ್ಟಿಲು ಮುಳುಗತೊಡಗಿತು. "ತಟ್ಟಿ ಕಟ್ಟಿದ್ದು ಒಳ್ಳೆಯದೇ ಆಯಿತು," ಅಂದರು ಊರವರು, "ಇಲ್ಲದಿದ್ದರೆ ದಿನಕ್ಕೆರಡು ಹೋಗುತ್ತಿದ್ದವು."

ಹತ್ತು ಉಳಿದ ದಿನ ಎಲ್ಲರೂ ಮೆಟ್ಟಿಲಿನ ಮೇಲೆಯೇ ಸೇರಿದರು. ಯಜಮಾನರ ಮನೆ ಹತ್ತನೆಯ ಮೆಟ್ಟಿಲಿಗೆ ಅಂಟಿಕೊಂಡೇ ಇತ್ತು. ಹಾಗಾಗಿ ಅವರ ದನಿ ಉಳಿದವರಿಗಿಂತ ಸ್ವಲ್ಪ ತೆಳ್ಳಗಾಗಿತ್ತು.

"ತಾಯಿ, ನಾಳೆಗೆ ಏನಾದರೂ ಇದೆಯಾ?"

"ಕೈ ಖಾಲಿ, ಯಜಮಾನರೇ," ಅಂದಳು ರಂಗೋಲಿಯವಳು. "ಮೊನ್ನೆ ಸೌತೆಬಳ್ಳಿ ನೋಡಿ ಬರೆದೆ, ಆಗಿದೆ. ನಿನ್ನೆ ಜ್ವರದಲ್ಲಿ ಕಂಡದ್ದನ್ನು ಬರೆದೆ, ಅದೂ ಆಗಿದೆ."

"ಜ್ವರದ್ದೂ ಆಗಿದೆಯಾ?"

"ನಮ್ಮ ಮನೆತನದಲ್ಲಿ ಎಲ್ಲರಿಗೂ ಬರುವ ಜ್ವರವೇ ಅದು."

ಆಗ ಅವಳ ಸೋದರಮಾವ, ದೋಣಿಯವನು, ಗುಂಪಿನ ಹಿಂದಿನಿಂದ ತೋಳು ಮಡಚಿಕೊಂಡು ಮುಂದೆ ಬಂದ. "ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ? ಇಲ್ಲಿ ಮುಗಿದಿದ್ದರೆ ದ್ವೀಪಗಳಲ್ಲಿ ಇಲ್ಲವಾ? ಒಂದೊಂದು ದ್ವೀಪದಲ್ಲಿ ಒಂದೊಂದು ನಮೂನೆ. ನಾನು ನೋಡದ ದ್ವೀಪ ಇನ್ನೂ ನೀರಿನಿಂದ ಮೇಲೆ ಬಂದಿಲ್ಲ. ಒಂದರ ಮೇಲೆ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಅದು ಬಾಲ ಅಲ್ಲಾಡಿಸಿತು. ಅಷ್ಟು ಅನುಭವ."

"ಇವಳು ಹೋದರೆ ಇಲ್ಲಿ ಬರೆಯುವವರು ಯಾರು?" ಯಜಮಾನರು ಕೇಳಿದರು.

"ನಾನಿದ್ದರೂ ದಿನಕ್ಕೊಂದು ಹೋಗುತ್ತದೆ, ಹೋದರೂ ದಿನಕ್ಕೊಂದೇ ಹೋಗುವುದು," ಅಂದಳು ಅವಳು. "ಹತ್ತು ಬೆಳಗು ಇದೆ. ಅಷ್ಟರೊಳಗೆ ಬರುತ್ತೇನೆ."

"ಬಾರದಿದ್ದರೆ?"

ಅವಳು ಮನೆಗೆ ಹೋಗಿ ಕರಟದಲ್ಲಿ ಪುಡಿ ತುಂಬಿಕೊಂಡಳು, ಒಂದು ಹಿಡಿ ಇದ್ದಿಲು ಕಟ್ಟಿಕೊಂಡಳು, ದೋಣಿ ಹತ್ತಿದಳು.

ಮೊದಲನೆಯ ಬೆಳಗು ಆದದ್ದು ನೀರಿನ ಮೇಲೆ. ಪೂರ್ವ ಕೆಂಪಾಗುವಾಗ ಅವಳು ಎಡಗೈಯ ಕಿರುಬೆರಳನ್ನು ಮಡಚಿದಳು. ಆಚೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಒಂದು ಮೆಟ್ಟಿಲು ಮುಳುಗಿದ್ದು ಅವಳ ಹಿಮ್ಮಡಿಗೆ ತಣ್ಣಗೆ ತಾಗಿತು. ಮಡಚಿದ ಬೆರಳನ್ನು ಅವಳು ಬಿಚ್ಚಲಿಲ್ಲ. ಊಟ ಮಾಡುವಾಗಲೂ ಬಿಚ್ಚಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ದ್ವೀಪ ಕಂಡಿತು. ಮಾವ ದಡದಲ್ಲಿದ್ದವರನ್ನು ಕರೆದು, ಇದು ಯಾವ ಊರು, ಇಳಿಯುವುದು ಎಲ್ಲಿ, ನೀರು ಆಳವೋ ಎಂದು ಮೂರು ಸಲ ವಿಚಾರಿಸಿದ.

"ಮಾವ, ನೀನು ಇಲ್ಲಿಗೆ ಬಂದೇ ಇಲ್ಲ ಅಲ್ಲವಾ?"

"ಬಂದಿದ್ದೆ, ಸೊಸೆ. ಆಗ ಈ ದ್ವೀಪ ಸ್ವಲ್ಪ ಆಚೆಗಿತ್ತು."

ಅದು ಗಂಟುಗಳ ದ್ವೀಪ. ಅಲ್ಲಿ ಇಬ್ಬರಿಗೆ ಜಗಳವಾದರೆ ಬೈದಾಡುವುದಿಲ್ಲ, ಒಂದೇ ಹಗ್ಗದ ಎರಡು ತುದಿ ಹಿಡಿದು ಎದುರುಬದುರು ಕೂರುತ್ತಾರೆ. ಇವಳು ಒಂದು ಗಂಟು ಹಾಕಿದರೆ ಅವಳು ಒಂದು ಗಂಟು. ಹಾಕುತ್ತಾ ಹಾಕುತ್ತಾ ಮಧ್ಯಕ್ಕೆ ಬಂದಾಗ ಇಬ್ಬರ ಮೊಣಕಾಲು ತಾಗುತ್ತವೆ, ಜಗಳ ಮುಗಿಯುತ್ತದೆ, ಹಗ್ಗ ಬಲೆಯಾಗುತ್ತದೆ. ಆ ಬಲೆಗೆ ಬೀಳುವಷ್ಟು ಮೀನು ಬೇರೆ ಯಾವ ಬಲೆಗೂ ಬೀಳುವುದಿಲ್ಲವಂತೆ. ಅತ್ತೆ ಸೊಸೆಯರ ಬಲೆಗೆ ಒಂದು ಸಲ ದೋಣಿಯೇ ಬಿದ್ದಿತ್ತಂತೆ.

ರಂಗೋಲಿಯವಳು ಒಂದೊಂದು ಗಂಟನ್ನೂ ಕಣ್ಣಿಟ್ಟು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳ ಬೆರಳಿಗೆ ಹಸಿವಾಯಿತು. ಇದ್ದಿಲು ತೆಗೆದು ದೋಣಿಯ ಒಳಹಲಗೆಯ ಮೇಲೆ ಬರೆದಳು, ಮತ್ತೊಂದು ಹಲಗೆಯ ಮೇಲೆ ಬರೆದಳು. ಇಂಥ ತಿರುವು ಅಮ್ಮನಿಗೆ ಗೊತ್ತಿರಲಿಲ್ಲ, ಅಮ್ಮನ ಅಮ್ಮನಿಗೂ ಗೊತ್ತಿರಲಿಲ್ಲ. ಇದು ಆಗಿಲ್ಲ, ಇದು ಆಗಿರಲಾರದು ಅಂದುಕೊಂಡಳು.

ಮರುದಿನ ಬೆಳಗ್ಗೆ ಪರೀಕ್ಷೆಗೆಂದು ಆ ದ್ವೀಪದ ದಡದಲ್ಲೇ ಗಂಟಿನ ರಂಗೋಲಿ ಬರೆದಳು. ಎಳೆ ಹೊರಟಲ್ಲಿಗೇ ಬಂದು ಸೇರಿತು. ಕಾಲಿನ ಹೆಬ್ಬೆರಳನ್ನು ಅದರ ಅಂಚಿಗಿಟ್ಟು ನಿಂತಳು. ಒಂದು ಅಲೆ ಅಷ್ಟು ದೂರದಿಂದ ನೇರ ಅವಳ ಬಳಿಗೇ ಬಂದು, ರಂಗೋಲಿಯ ಆಚೆಯ ಅಂಚಿನವರೆಗೆ ಹೋಗಿ, ಎಲ್ಲವನ್ನೂ ಒರೆಸಿಕೊಂಡು ಹೊರಟುಹೋಯಿತು.

ಅವಳು ಎರಡನೆಯ ಬೆರಳು ಮಡಚಿದಳು.

ಎರಡನೆಯದು ಮಾಡುಗಳ ದ್ವೀಪ. ಅಲ್ಲಿ ಮನೆಗೆ ಗೋಡೆಯಿಲ್ಲ, ಬರೀ ತೆಂಗಿನ ಗರಿ ಹೆಣೆದ ಚಾವಣಿ, ಅದೇ ಮಾಡು. ಯಾರ ಮನೆಗೆ ಹೋದರೂ ಮೊದಲು ಕತ್ತೆತ್ತಿ ಮಾಡು ನೋಡಬೇಕು, ಆಮೇಲೆ ಮಾತು. ಕೂಸು ಹುಟ್ಟಿದರೆ ಒಂದು ಹಸಿ ಗರಿ ಸೇರಿಸುತ್ತಾರೆ, ಯಾರಾದರೂ ತೀರಿಹೋದರೆ ಒಂದು ಗರಿಯನ್ನು ತಿರುವಿ ಹೆಣೆಯುತ್ತಾರೆ. ಮನೆಯ ಕಥೆಯೆಲ್ಲ ತಲೆಯ ಮೇಲೆ. ಮಳೆ ಬಂದಾಗ ತಿರುವಿದ ಗರಿಯಿಂದ ಮಾತ್ರ ತೊಟ್ಟಿಕ್ಕುತ್ತದೆ. ಮನೆಯವರು ಆ ಹನಿಯ ಕೆಳಗೆ ಪಾತ್ರೆ ಇಡುವುದಿಲ್ಲ, ಒಬ್ಬೊಬ್ಬರಾಗಿ ಹೋಗಿ ನಿಂತು ಬರುತ್ತಾರೆ.

ಅವಳೂ ಒಂದು ಹನಿಯ ಕೆಳಗೆ ನಿಂತಳು. ಸುಮ್ಮನೆ ಅಮ್ಮನ ನೆನಪಾಯಿತು. ಸಂಜೆಯೊಳಗೆ ದೋಣಿಯಲ್ಲಿ ಬರೆಯದ ಹಲಗೆ ಉಳಿಯಲಿಲ್ಲ. ಮಾವ ಹುಟ್ಟು ಹಾಕುವ ಜಾಗದಲ್ಲೂ ಗರಿಗಳಿದ್ದವು, ಅವನ ಪಂಚೆಯ ಹಿಂಭಾಗದಲ್ಲಿ ಗಂಟುಗಳು ಮೂಡಿದ್ದವು.

ಬೆಳಗ್ಗೆ ದಡದಲ್ಲಿ ಗರಿಯ ರಂಗೋಲಿ ಬರೆದಳು. ಅಲೆ ಬಂತು, ಒರೆಸಿಕೊಂಡು ಹೋಯಿತು.

ಅವಳು ಮೂರನೆಯ ಬೆರಳು ಮಡಚಿದಳು. "ಇದೂ ಆಗಿದೆ, ಮಾವ. ಇದು ಹೇಗೆ ಆಗಿರಲು ಸಾಧ್ಯ? ನಮ್ಮ ಊರಿನ ಯಾರೂ ಇಲ್ಲಿಗೆ ಬಂದವರಲ್ಲ."

ಮಾವ ಸ್ವಲ್ಪ ಹೊತ್ತು ಏನೂ ಕೊಚ್ಚಿಕೊಳ್ಳಲಿಲ್ಲ. ಅದನ್ನು ನೋಡಿ ಅವಳಿಗೆ ಇನ್ನೂ ಹೆದರಿಕೆಯಾಯಿತು. ಆಮೇಲೆ ಅವನು, "ಕಡಲಿಗೆ ಬೇರೆ ಏನು ಕೆಲಸ ಹೇಳು. ದಿನಕ್ಕೆರಡು ಸಲ ಎಲ್ಲ ದ್ವೀಪದ ಅಂಗಳಕ್ಕೂ ಹೋಗಿ ಇಣುಕಿ ಬರುತ್ತದೆ. ಇವರ ಬಲೆಯನ್ನು ಅದು ನಮಗಿಂತ ಮೊದಲೇ ನೋಡಿದೆ," ಅಂದ.

"ಹಾಗಾದರೆ ಅದು ನೋಡದ್ದು ಯಾವುದು?"

"ಅದಕ್ಕೆ ಹೋಗಲು ಆಗದಿರುವುದು. ನಡುಗಡ್ಡೆ ಅನ್ನುತ್ತಾರಲ್ಲ, ಹೆಸರಿನಲ್ಲೇ ನಡು ಇದೆ. ನಾವು ಇಷ್ಟು ದಿನ ಅಂಚು ಸವರಿ ಬಂದೆವು. ನಡು ಇರುವ ದ್ವೀಪ ಒಂದಿದೆ, ನಾನು," ಎಂದು ಶುರುಮಾಡಿದವನು ಅವಳ ಮುಖ ನೋಡಿ ಮಾತು ಬದಲಿಸಿದ. "ನಾನು ಕೇಳಿದ್ದೇನೆ. ಹೋಗಿಲ್ಲ."

ನಾಲ್ಕನೆಯ ಬೆಳಗು ಮತ್ತೆ ನೀರಿನ ಮೇಲೆ. ನಾಲ್ಕು ಬೆರಳು ಮಡಚಿದ ಎಡಗೈ ಮುಷ್ಟಿಯಾಗಿತ್ತು, ಹೆಬ್ಬೆರಳು ಒಂದೇ ಹೊರಗೆ ಉಳಿದಿತ್ತು.

ಮೂರನೆಯ ದ್ವೀಪದ ದಡದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ದೋಣಿಯನ್ನು ಕಟ್ಟಿ ಇಬ್ಬರೂ ಒಳಕ್ಕೆ ನಡೆದರು. ನಡೆದಷ್ಟೂ ಅಲೆಯ ಸದ್ದು ಕುಗ್ಗಿತು. ಹುಟ್ಟಿದಾಗಿನಿಂದ ಕಿವಿಯಲ್ಲಿದ್ದ ಸದ್ದು ನಿಂತುಹೋದಾಗ ರಂಗೋಲಿಯವಳಿಗೆ ಯಾರೋ ಬೆನ್ನ ಹಿಂದಿನ ಗೋಡೆ ತೆಗೆದಂತಾಯಿತು. ಸಂಜೆ ಮನೆಗಳು ಕಂಡವು. ಎಲ್ಲ ಮನೆಗಳೂ ಕಡಲಿಗೆ ಬೆನ್ನು ಹಾಕಿ ಒಂದು ಅಂಗಳಕ್ಕೆ ಮುಖ ಮಾಡಿ ಕೂತಿದ್ದವು. ಜನ ಇವರನ್ನು ಕಂಡು ಯಾರು ಏನು ಎಂದು ಕೇಳದೆ ಗಂಜಿ ಬಡಿಸಿದರು, ಚಾಪೆ ಹಾಕಿದರು.

ಐದನೆಯ ಬೆಳಗಿಗೆ ಅವಳು ಅಂಗಳಕ್ಕೆ ಬಂದಾಗ ಒಬ್ಬ ಅಜ್ಜಿ ಕುಕ್ಕರುಗಾಲಿನಲ್ಲಿ ಕೂತು ಚುಕ್ಕಿ ಇಡುತ್ತಿದ್ದಳು. ಅಜ್ಜಿಯ ಕೈ ಅದುರುತ್ತಿತ್ತು, ಚುಕ್ಕಿಗಳು ಸಾಲು ತಪ್ಪಿದ್ದವು. ಇಟ್ಟು ಮುಗಿಸಿ ಅಜ್ಜಿ ಕರಟವನ್ನು ನೆಲದಲ್ಲಿಟ್ಟು ಕಟ್ಟೆಗೆ ಒರಗಿ ಕೂತುಬಿಟ್ಟಳು. ಎಳೆ ಎಳೆಯಲೇ ಇಲ್ಲ.

ಹಲಸಿನಹಣ್ಣು ಹೊತ್ತವನೊಬ್ಬ ಬಂದ. ಹೊರೆ ಇಳಿಸದೆಯೇ ಬಗ್ಗಿ, ಒಂದು ಚಿಟಿಕೆ ತೆಗೆದು, ಒಂದು ಚುಕ್ಕಿಯ ಸುತ್ತ ಒಂದು ಎಳೆ ಎಳೆದು ನಡೆದ. ಅಳುಮುಖದ ಸೊಸೆಯೊಬ್ಬಳು ಬಂದು ಅವನು ಬಿಟ್ಟಲ್ಲಿಂದ ಇನ್ನೊಂದು ಚುಕ್ಕಿ ಸುತ್ತಿದಳು, ಅವಳ ಎಳೆಯೂ ಅಳುತ್ತಿತ್ತು. ಒಂದು ಆಡು ಬಂದು ನಡುವೆಯೇ ದಾಟಿತು.

"ಅಜ್ಜಿ, ಆಡು," ಅಂದಳು ರಂಗೋಲಿಯವಳು, ಎದ್ದೇ ನಿಂತು.

"ಅದೂ ಈ ಊರಿನದೇ ಮಗಾ. ನೀನೂ ಒಂದು ಎಳಿ."

ಅವಳು ಎಳೆದಳು. ಅಂಥ ಎಳೆಯನ್ನು ಆ ಅಂಗಳ ನೋಡಿರಲಿಲ್ಲ. ಕೂದಲಿನಷ್ಟು ಸಣ್ಣಗೆ, ಉಸಿರಿನಷ್ಟು ಸಮಕ್ಕೆ. ಜನ ಬಗ್ಗಿ ನೋಡಿದರು. ಅವಳು ಹಾಗೆಯೇ ಎರಡನೆಯ ಚುಕ್ಕಿಗೆ ಬೆರಳು ಚಾಚಿದಳು, ಹೋಗುವ ದಾರಿಯಲ್ಲಿ ಸೊಸೆಯ ಎಳೆಯನ್ನೂ ಒಂದಿಷ್ಟು ನೇರ ಮಾಡೋಣವೆಂದುಕೊಂಡಳು. ಅಜ್ಜಿ ಅವಳ ಮಣಿಕಟ್ಟು ಹಿಡಿದಳು. ಅದುರುವ ಕೈಯಲ್ಲಿ ಅಷ್ಟು ಬಲವಿತ್ತು.

"ಚೆಂದ ಇದೆ. ಒಂದು ಸಾಕು. ಬೇರೆಯವರದ್ದನ್ನು ತಿದ್ದಬೇಡ."

"ಇದು ಯಾವ ನಮೂನೆ ಅಜ್ಜಿ?"

"ನನಗೇನು ಗೊತ್ತು? ಮುಗಿದ ಮೇಲೆ ನೋಡಬೇಕು. ಇಟ್ಟವಳು ಎಳೆಯಬಾರದು, ಎಳೆದವರು ತಿದ್ದಬಾರದು. ನಮ್ಮಲ್ಲಿ ಇಷ್ಟೇ. ನನ್ನ ಅಜ್ಜಿ ಇದ್ದಳು, ಅವಳ ಕೈಯಂಥ ಕೈ ಈ ಕಡಲಿನಲ್ಲೇ ಇರಲಿಲ್ಲ. ಯಾರನ್ನೂ ಮುಟ್ಟಗೊಡುತ್ತಿರಲಿಲ್ಲ. ಅವಳ ಕಾಲದಲ್ಲಿ ಅರ್ಧ ದ್ವೀಪ ಹೋಯಿತು." ಅಜ್ಜಿ ಎಲೆಯಡಿಕೆಯನ್ನು ದವಡೆಯ ಆ ಕಡೆಗೆ ತಳ್ಳಿದಳು. "ಬರೆದವಳೇ ಬರೆದರೆ ನೀರು ಬರುತ್ತದೆ, ಮಗಾ."

ರಂಗೋಲಿಯವಳು ಅದನ್ನು ಬಾಯಲ್ಲೇ ಇನ್ನೊಮ್ಮೆ ಹೇಳಿಕೊಂಡಳು.

ಬರೆದದ್ದೇ. ಬರೆದವಳೇ. ಅವಳು ಕಣ್ಣು ಮುಚ್ಚಿ ಊರಿನ ಕಲ್ಲನ್ನು ನೆನೆದಳು. ಆ ನುಣ್ಣಗಿನ ಜಾಗವನ್ನು ಅವಳ ಅಂಗಾಲು ಬಲ್ಲದು. ಒಂದಕ್ಷರಕ್ಕೆ ಅದು ತುಸು ಅಗಲವೇ ಇತ್ತು. ಆದರೆ ಅಂಗಾಲಿನ ಸಾಕ್ಷಿ ಹಿಡಿದು ಒಂದು ಊರನ್ನು ಪಣಕ್ಕಿಡುವುದು ಹೇಗೆ? ಅವಳು ನೀರು ಏರದಿದ್ದ ದಿನಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಒಂದು ದಿನ ಗಾಳಿ ಬಂದು ಎಳೆ ಕದಡಿತ್ತು. ಒಂದು ದಿನ ಯಾರದೋ ಸೆರಗು ತಾಗಿತ್ತು. ಎಷ್ಟೋ ದಿನ ಕೋಳಿ ನಡೆದುಹೋಗಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಅಮ್ಮನೂ ಹೇಳಿರಲಿಲ್ಲ. ತಟ್ಟಿ ಕಟ್ಟಿದ ಮೇಲೆ ಅವಳ ಬೆರಳಲ್ಲದೆ ಏನೂ ಅಲ್ಲಿಗೆ ಬಂದಿರಲಿಲ್ಲ.

ಐದನೆಯ ಬೆರಳು ಮಡಚಿ ಅವಳು ದಡಕ್ಕೆ ಓಡಿದಳು. ಮಾವ ಹಿಂದೆ ಓಡಿದ, ಅಜ್ಜಿ ಕಟ್ಟಿಕೊಟ್ಟ ಹಲಸಿನ ತೊಳೆಗಳನ್ನು ಮಾತ್ರ ಬಿಡಲಿಲ್ಲ.

ವಾಪಸು ಬರುವಾಗ ಗಾಳಿ ಎದುರಾಯಿತು. ಆರು, ಏಳು, ಎಂಟು. ಮೂರು ಬೆಳಗನ್ನು ನೀರೇ ನುಂಗಿತು. ಎಂಟನೆಯ ದಿನ ಸಂಜೆ ಊರು ಕಂಡಾಗ ಅವಳ ಬಲಗೈಯಲ್ಲಿ ಹೆಬ್ಬೆರಳು ತೋರುಬೆರಳು ಎರಡೇ ನೆಟ್ಟಗೆ ನಿಂತಿದ್ದವು. ಮೆಟ್ಟಿಲೂ ಎರಡೇ. ಯಜಮಾನರು ಮೇಲಿನದರಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ಊರೆಲ್ಲ ಅವರ ಹಿಂದೆ ಗಂಟುಮೂಟೆ ಸಮೇತ ನಿಂತಿತ್ತು. ಹಿಂದೆ ಬೆಟ್ಟವಿಲ್ಲ, ಗುಡ್ಡವಿಲ್ಲ, ಗಂಟುಮೂಟೆ ಹೊತ್ತು ಹೋಗುವುದು ಎಲ್ಲಿಗೆಂದು ಯಾರೂ ಯೋಚಿಸಿರಲಿಲ್ಲ.

"ಎಷ್ಟು ನಮೂನೆ ತಂದೆ, ತಾಯಿ?" ದೋಣಿಯ ಕಪ್ಪು ಹಲಗೆಗಳನ್ನು ನೋಡಿ ಯಜಮಾನರಿಗೆ ಜೀವ ಬಂದಿತ್ತು.

"ಇವೆಲ್ಲ ಆಗಿವೆ. ಆಗದೇ ಇರುವುದನ್ನು ಬರೆಯಬೇಕಾದವರು ನೀವು," ಅಂದಳು. "ಮೊದಲು ತಟ್ಟಿ ಬಿಚ್ಚಿ."

ಅವಳು ಎಲ್ಲವನ್ನೂ ಹೇಳಿದಳು. ಊರವರು ಎಲ್ಲವನ್ನೂ ಕೇಳಿದರು. ಕೇಳಿದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಒಂದಕ್ಷರದ ಮೇಲೆ ಊರನ್ನು ಇಡುತ್ತೀಯಾ?" ಯಜಮಾನರ ದನಿ ಈಗ ದಾರದಷ್ಟಾಗಿತ್ತು.

"ಇಷ್ಟು ದಿನ ಇಟ್ಟದ್ದೂ ಒಂದಕ್ಷರದ ಮೇಲೆಯೇ."

ಒಂಬತ್ತನೆಯ ಬೆಳಗು. ಅವಳು ತಟ್ಟಿಯನ್ನು ತಾನೇ ಬಿಚ್ಚಿ ಮೆಟ್ಟಿಲು ತೊಳೆದಳು. ಚುಕ್ಕಿ ಇಟ್ಟಳು, ಮೂರು ಸಾಲು, ಸಾಲಿಗೆ ಇಪ್ಪತ್ತೇಳು. ಊರಿನಲ್ಲಿದ್ದವರು ತೊಟ್ಟಿಲ ಕೂಸು ಸೇರಿ ಎಂಬತ್ತೊಂದು ಜನ. ತಲೆಗೊಂದು ಚುಕ್ಕಿ. ಕರಟವನ್ನು ಪಕ್ಕದಲ್ಲಿಟ್ಟು ಮೇಲಿನ ಮೆಟ್ಟಿಲಿಗೆ ಒರಗಿ ಕೂತಳು.

ಯಾರೂ ಬರಲಿಲ್ಲ.

ನೀರು ಕೆಳಗಿನ ಕಲ್ಲಿಗೆ ಬಡಿಯುತ್ತಿತ್ತು. "ನೀವು ಹೋಗಿ," ಅಂದ ಒಬ್ಬ. "ಹಿರಿಯರು ನೀವು, ನೀವು ಹೋಗಿ." "ನನ್ನ ಎಳೆಯಿಂದ ಊರು ಮುಳುಗಿತು ಅಂತ ನಾಳೆ ನೀವೇ ಹೇಳುತ್ತೀರಿ." "ನಾಳೆ ಹೇಳಲು ನಾವು ಇದ್ದರಲ್ಲವಾ?" ಮೀನಿನವಳು ತನ್ನ ಬೆರಳು ಮೂಸಿ ನೋಡಿ ಸೆರಗಿಗೆ ಒರೆಸಿಕೊಂಡಳು, ಮತ್ತೆ ಮೂಸಿದಳು. ಪೂರ್ವದಲ್ಲಿ ಬೂದಿ ಬಣ್ಣ ಬಂತು. ರಂಗೋಲಿಯವಳ ಎರಡು ಬೆರಳುಗಳು ತಾವಾಗಿಯೇ ಕರಟದ ಕಡೆಗೆ ಹೋದವು, ಅವಳು ಅವುಗಳನ್ನು ಎಳೆದು ತೊಡೆಯ ಕೆಳಗಿಟ್ಟುಕೊಂಡಳು.

ಕೊನೆಗೆ ಮಾವ ಇಳಿದುಬಂದ. ತೋಳು ಮಡಚಿಕೊಂಡೇ ಬಂದ. "ನಾನು ಒಂದು ಎಳೆ ಎಳೆದರೆ ನೋಡು," ಎಂದು ಗಟ್ಟಿಯಾಗಿ ಶುರುಮಾಡಿ, ಅವಳ ಪಕ್ಕಕ್ಕೆ ಬಗ್ಗಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದ. "ಸೊಸೆ, ನನಗೆ ಬರುವುದಿಲ್ಲ. ಒಂದು ಗೆರೆ ನೆಟ್ಟಗೆ ಎಳೆದವನಲ್ಲ ನಾನು."

"ಬರುವವಳು ಎಳೆದದ್ದಕ್ಕೇ ಅಲ್ಲವಾ ಮಾವ, ನೀರು ಬಂದದ್ದು."

ಮಾವ ಎಳೆದ. ಕಡಲಿನ ಕಡೆಯ ಮೂಲೆಯ ಚುಕ್ಕಿಯಿಂದ ಹೊರಟ ಆ ಎಳೆ ಅವನ ಕಥೆಗಳ ಹಾಗೆಯೇ ಇತ್ತು, ಒಂದು ಕಡೆ ಹೋಗುತ್ತೇನೆಂದು ಹೇಳಿ ಇನ್ನೊಂದು ಕಡೆ ಹೋಗಿ, ಹೇಗೋ ಚುಕ್ಕಿಯನ್ನು ತಪ್ಪಿಸಿಕೊಂಡು ಈಚೆಗೆ ಬಂತು. ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಇಷ್ಟು ಕೆಟ್ಟದಾಗಿ ತನ್ನಿಂದ ಎಳೆಯಲಾಗದು ಎಂಬ ಧೈರ್ಯ ಎಲ್ಲರಿಗೂ ಬಂದಿರಬೇಕು. ಮೀನಿನವಳು ಇಳಿದಳು. ಅವಳ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಒಂದು ಚಿಟಿಕೆ, ಒಂದು ಚುಕ್ಕಿ, ಒಂದು ಸುತ್ತು. ತೊಟ್ಟಿಲ ಕೂಸಿನ ಬೆರಳನ್ನು ಅದರ ಅಮ್ಮ ಹಿಡಿದು ಎಳೆಸಿದಳು, ಕೂಸು ಉಳಿದ ಪುಡಿಯನ್ನು ನೆಕ್ಕಿತು. ಒಂದೊಂದು ಸೊಟ್ಟ ಎಳೆಗೂ ರಂಗೋಲಿಯವಳ ಹಲ್ಲು ಜುಮ್ಮೆಂದಿತು. ಅವಳು ತಿದ್ದಲಿಲ್ಲ. ಯಜಮಾನರು ಎಲ್ಲರಿಗಿಂತ ಕೊನೆಗೆ ಟ್ರಂಕಿನಿಂದ ಎದ್ದು ಬಂದು, ಉಸಿರು ಬಿಗಿಹಿಡಿದು, ಜೇಡನ ಕಾಲಿನಂಥ ಒಂದು ಎಳೆ ಎಳೆದು, ಹಣೆ ಒರೆಸಿಕೊಂಡರು.

ಆಮೇಲೆ ಎಲ್ಲರೂ ನೋಡಿದರು. ಒಂದು ಚುಕ್ಕಿ ಉಳಿದಿತ್ತು.

ಕಡಲಿನ ಕಡೆಯ ಸಾಲಿನಲ್ಲಿ, ಮಾವ ಶುರುಮಾಡಿದ ಚುಕ್ಕಿಯ ಪಕ್ಕದಲ್ಲೇ. ಅದನ್ನೊಂದು ಸುತ್ತಿಬಿಟ್ಟರೆ ಎಳೆ ಹೊರಟಲ್ಲಿಗೆ ಬಂದು ಸೇರುತ್ತಿತ್ತು. ಯಾರು ಎಳೆದಿಲ್ಲ? ಒಬ್ಬರನ್ನೊಬ್ಬರು ಕೇಳಿದರು. ಎಲ್ಲರ ಬೆರಳೂ ಬೆಳ್ಳಗಿತ್ತು. ಆಗ ರಂಗೋಲಿಯವಳಿಗೆ ಹೊಳೆಯಿತು. ಎಣಿಸುವಾಗ ಅವಳು ತನ್ನನ್ನೂ ಎಣಿಸಿಕೊಂಡುಬಿಟ್ಟಿದ್ದಳು. ಹುಟ್ಟಿದ ಮೇಲೆ ರಂಗೋಲಿಯ ಹೊರಗೆ ನಿಂತು ಅವಳಿಗೆ ಅಭ್ಯಾಸವಿರಲಿಲ್ಲ.

"ನೀನೇ ಸೇರಿಸಿಬಿಡು, ತಾಯಿ," ಯಜಮಾನರು ಅಂಗಲಾಚಿದರು. "ಗೇಣುದ್ದ ಅಷ್ಟೇ. ನೀರು ಬಂತು."

ನೀರು ಮೆಟ್ಟಿಲಿನ ಅಂಚಿಗೆ ಬಂದಿತ್ತು. ಊರವರು ಸಾಲಾಗಿ ನಿಂತು ಹೆಬ್ಬೆರಳಿಟ್ಟಿದ್ದರು. ಯಾವಾಗಲೋ ತೊಡೆಯ ಕೆಳಗಿನಿಂದ ತಪ್ಪಿಸಿಕೊಂಡು ಹೋದ ಅವಳ ಎರಡು ಬೆರಳುಗಳ ನಡುವೆ ಒಂದು ಚಿಟಿಕೆ ಪುಡಿ ಇತ್ತು. ಬಿಟ್ಟರೆ ಎಳೆ ಸೇರದ ರಂಗೋಲಿ, ಅದರಿಂದ ಊರು ಹೋಗಬಹುದು. ಎಳೆದರೆ ಬರೆದವಳೇ ಬರೆದಂತೆ, ಅದರಿಂದಲೂ ಹೋಗಬಹುದು. ಎಂಬತ್ತು ಜನ ಅವಳ ಬೆರಳನ್ನೇ ನೋಡುತ್ತಿದ್ದರು. ಅಷ್ಟು ಚೆಂದದ ಗೇಣುದ್ದದ ಎಳೆ ಅವಳ ಬೆರಳ ತುದಿಯಲ್ಲಿ ಬಂದು ಕಾದಿತ್ತು.

ಅವಳು ಬೆರಳು ಬಿಡಿಸಿದಳು. ಪುಡಿ ಕರಟಕ್ಕೆ ಬಿತ್ತು.

ನೀರು ಅಂಚು ದಾಟಿತು. ಸಾಲಾಗಿ ನಿಂತವರು ಒಂದೇ ಉಸಿರಿಗೆ ಹಿಂದೆ ಸರಿದರು. ಅದು ಮೆಟ್ಟಿಲಗಲಕ್ಕೆ ಬರಲಿಲ್ಲ, ಅಂಗೈಯಗಲಕ್ಕೂ ಬರಲಿಲ್ಲ. ಒಂದು ಬೆರಳಿನಷ್ಟು ಸಣ್ಣಗಾಗಿ, ಉಳಿದ ಚುಕ್ಕಿಯ ಬಳಿ ಬಂದು, ಒಂದು ಗಳಿಗೆ ಸುಮ್ಮನೆ ನಿಂತಿತು. ಆಮೇಲೆ ಚುಕ್ಕಿಗೆ ತಾಗದಂತೆ ಅದನ್ನು ಒಂದು ಸುತ್ತು ಸುತ್ತಿ, ಯಜಮಾನರ ಎಳೆಯ ತುದಿಯನ್ನು ಮಾವನ ಎಳೆಯ ತುದಿಗೆ ತಂದು ಸೇರಿಸಿ, ಬಂದ ದಾರಿಯಲ್ಲೇ ಇಳಿದುಹೋಯಿತು. ಪುಡಿಯ ಒಂದು ಕಣವೂ ಕದಲಲಿಲ್ಲ. ಕಲ್ಲಿನ ಮೇಲೆ ಒದ್ದೆ ಎಳೆ ಉಳಿಯಿತು. ಸೊಟ್ಟಗಿತ್ತು.

ಸೂರ್ಯ ಹುಟ್ಟಿದ. ಊರವರು ಬಗ್ಗಿ ತಮ್ಮ ತಮ್ಮ ಹೆಬ್ಬೆರಳು ಮುಟ್ಟಿ ನೋಡಿಕೊಂಡರು. ಒಣಗಿತ್ತು. ಪಕ್ಕದವರದ್ದನ್ನೂ ಮುಟ್ಟಿ ನೋಡಿದರು.

"ನಾಳೆಗೆ ಎಂಬತ್ತೇ ಚುಕ್ಕಿ ಇಡು ತಾಯಿ," ಯಜಮಾನರು ಕೇಳಿದರು. "ಇಂಥ ಗಾಬರಿ ಇನ್ನೊಂದು ಸಲ ಬೇಡ."

"ಎಂಬತ್ತೊಂದೇ. ನನ್ನ ಸರದಿ ಕಡಲಿಗೆ ಕೊಟ್ಟಾಯಿತಲ್ಲ."

"ನಾಳೆ ಅದು ಬಾರದೆ ಹೋದರೆ?"

ಎಂಬತ್ತು ಮುಖಗಳೂ ಒಟ್ಟಿಗೇ ಕಡಲಿನ ಕಡೆ ತಿರುಗಿದವು. ಇಷ್ಟು ದಿನ ಬಂದೀತು ಬಂದೀತು ಎಂದು ಹೆದರಿದವರಿಗೆ ಈ ಹೊಸ ಹೆದರಿಕೆಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ರಂಗೋಲಿಯವಳು ಎದ್ದು, ಸೆರಗು ಸರಿಮಾಡಿಕೊಂಡು, ಮೆಟ್ಟಿಲಿನ ಅಂಚಿಗೆ ಹೋದಳು. ಪಕ್ಕದ ಮನೆಯವರನ್ನು ಅರಿಶಿನ ಕುಂಕುಮಕ್ಕೆ ಕರೆಯುವ ಹಾಗೆ ಸ್ವಲ್ಪ ಬಗ್ಗಿದಳು.

"ನಾಳೆಯೂ ಒಂದು ಗಳಿಗೆ ಬಂದು ಹೋಗು," ಅಂದಳು ಕಡಲಿಗೆ. ಹೋಗು ಅನ್ನುವುದನ್ನು ಮಾತ್ರ ತುಸು ಒತ್ತಿ ಹೇಳಿದಳು.